ಹೊಸ ಲಾರಿಯ ಇಂಜಿನ್ ಕೆಟ್ಟು ನಿಂತರೆ

(ನಮ್ಮ ಬ್ಲಾಕಿನ ರೈತರ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಗ್ರಾಮಸೇವಕನು ಸಭೆಗೆ ಬಂದನೆಂದರೆ ಬೀಜೋಪಚಾರ, ಗೊಬ್ಬರದ ಗುಂಡಿ, ಟೊಮೆಟೊವಿನ ಅಂಗಮಾರಿ ರೋಗ, ಇವುಗಳ ಮಾತೇ ಬರುವುದು ವಾಡಿಕೆ. ಈ ದಿನ ನಾನು ಲಾರಿಯ ಮಾತು ಎತ್ತಿಕೊಂಡಿದ್ದೇನೆ. ಇದಕ್ಕೆ ಕಾರಣವಿದೆ. ನಮ್ಮ ಹಳ್ಳಿಗಳಲ್ಲಿ ಈಗ ಒಬ್ಬೊಬ್ಬರೇ ಆಗಲಿ, ಅಣ್ಣತಮ್ಮಂದಿರು ಕೂಡಿಯಾಗಲಿ, ಸಣ್ಣ ಲಾರಿಗಳನ್ನು ಕೊಳ್ಳುತ್ತಿದ್ದೀರಿ. ತಮ್ಮ ಮಾಲನ್ನು ತಾವೇ ಮಾರುಕಟ್ಟೆಗೆ ಒಯ್ಯಬೇಕೆಂಬ ನಿಮ್ಮ ಆಸೆ ಒಳ್ಳೆಯದೇ. ಆದರೆ ಒಂದು ಜೋಡಿ ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಐದಾರು ಜೋಡಿ ಎತ್ತುಗಳ ಬೆಲೆ ಬಾಳುವ ಲಾರಿಯನ್ನು ಕೊಳ್ಳುವಾಗ ಹಾರ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಕೀಲಿಕೈ ತೆಗೆದುಕೊಂಡು ಮನೆಗೆ ಬಂದುಬಿಡುತ್ತೇವೆ. ಹೊಸದು ಕೆಡುವುದಿಲ್ಲವೆಂಬ ನಂಬಿಕೆ.

ನಾನು ಓದಿದ್ದು ಕೃಷಿ ಡಿಪ್ಲೊಮಾ. ಇಂಜಿನ್ ಮೇಸ್ತ್ರಿ ನಾನಲ್ಲ. ಆದರೂ ಈ ವಿಷಯ ಮಾತನಾಡಲು ನನಗೆ ಒಂದು ಹಕ್ಕಿದೆ. ಅದು ಏನೆಂದರೆ, ಒಂದು ಹೊಸ ಲಾರಿಯ ಇಂಜಿನ್ ಹಾಳಾದದ್ದರಲ್ಲಿ ನನ್ನ ಪಾಲೂ ಇತ್ತು. ಅದನ್ನು ಮುಚ್ಚಿಡದೆ ನಿಮ್ಮ ಮುಂದೆ ಇಡುತ್ತೇನೆ.

ಅಣ್ಣನ ಲಾರಿಯ ಕಥೆ

ಎರಡು ವರ್ಷಗಳ ಹಿಂದೆ ನನ್ನ ಅಣ್ಣ ಸಾಲ ಮಾಡಿ ಒಂದು ಹೊಸ ಸಣ್ಣ ಲಾರಿ ತಂದ. ತಂದ ಹದಿನೈದು ದಿನದೊಳಗೆ ಅತ್ತಿಗೆ ಒಂದು ಸಂಗತಿ ಕಂಡಳು. ಬೆಳಿಗ್ಗೆ ಅಂಗಳ ಸಾರಿಸಿ ರಂಗೋಲಿ ಹಾಕುವಾಗ, ಲಾರಿಯ ಮೂತಿ ನಿಲ್ಲುವ ಜಾಗದಲ್ಲಿ ಅಂಗೈಯಗಲ ಹಸಿರು ನೀರು ಬಿದ್ದಿರುತ್ತಿತ್ತು. ಆಕೆ ಹೇಳಿದಳು. ಅಣ್ಣ, "ಹೊಸ ಗಾಡಿ, ಅದಕ್ಕೇನಾಗುತ್ತೆ ಬಿಡೆ," ಎಂದ. ಮರುದಿನವೂ ಬಿದ್ದಿತ್ತು. ಅದರ ಮರುದಿನವೂ ಬಿದ್ದಿತ್ತು.

ಇಪ್ಪತ್ತೆರಡನೆಯ ದಿನ ನಸುಕಿನಲ್ಲಿ 90 ಬಾಕ್ಸು ಟೊಮೆಟೊ ಹೇರಿಕೊಂಡು ಅಣ್ಣ ಮುಳಬಾಗಿಲಿನ ಕಡೆಯಿಂದ ಕೋಲಾರದ ಮಾರುಕಟ್ಟೆಗೆ ಹೊರಟ. ಬಾಕ್ಸಿಗೆ 15 ಕಿಲೋ, ಹೊರೆ ಹೆಚ್ಚಿರಲಿಲ್ಲ. ದಾರಿಯಲ್ಲಿ ಕೆಂಪು ದೀಪ ಹತ್ತಿಕೊಂಡಿತು. ಅವನು ನನಗೆ ಫೋನು ಮಾಡಿದ.

"ತಮ್ಮಾ, ಕೆಂಪು ದೀಪ ಹತ್ತಿದೆ ಕಣೋ. ಬಿಸಿ ತೋರಿಸೋ ಮುಳ್ಳು ತುದಿಗೆ ಹೋಗಿದೆ. ಏನು ಮಾಡಲಿ?"

"ಮಂಡಿ ಇನ್ನೆಷ್ಟು ದೂರ ಅಣ್ಣಾ?"

"ಐದಾರು ಕಿಲೋಮೀಟರು."

ನಾನು ಹಾಸಿಗೆಯಲ್ಲೇ ಕುಳಿತು ಹೇಳಿದೆ: "ಹೊಸ ಗಾಡಿ ಅಲ್ವಾ, ನಿಧಾನವಾಗಿ ಹೋಗಿಬಿಡು. ಹರಾಜು ಮುಗಿದರೆ ಹಣ್ಣು ಕೇಳೋರು ಇರಲ್ಲ."

ಓದಿದ ತಮ್ಮ ಹೇಳಿದನೆಂದು ಅವನು ಹೊರಟ. ಮೂರು ಕಿಲೋಮೀಟರು ಹೋಗುವಷ್ಟರಲ್ಲಿ ಕಟಕಟ ಸದ್ದು ಬಂದು ಇಂಜಿನ್ ಹಿಡಿದುಕೊಂಡು ನಿಂತಿತು. ಆಮೇಲೆ ಆದದ್ದೆಲ್ಲ ತಪ್ಪಿನ ಮೇಲೆ ತಪ್ಪು. ದಾರಿಹೋಕರು ಬಂದು ತಣ್ಣೀರು ಸುರಿದರು. ಹತ್ತಾರು ಸಲ ಸ್ಟಾರ್ಟ್ ಮಾಡಿ ನೋಡಿದರು. ಪಕ್ಕದ ಊರಿನ ಮೆಕ್ಯಾನಿಕ್ ಬಂದು ಸಿಲಿಂಡರ್ ಹೆಡ್ಡನ್ನೇ ಬಿಚ್ಚಿಬಿಟ್ಟ. ಲಾರಿ ಮಾರಿದ ಸಂಸ್ಥೆಯವರ ಬಳಿಗೆ ಹೋದಾಗ ಅವರು, "ಕಾದ ಇಂಜಿನ್ ಓಡಿಸಿದ್ದೀರಿ, ಹೊರಗಿನವರ ಕೈಯಲ್ಲಿ ಬಿಚ್ಚಿಸಿದ್ದೀರಿ, ವಾರಂಟಿ ಇಲ್ಲ," ಎಂದರು. ಅಣ್ಣ ಹೆದರಿ, "ದೀಪ ಕಂಡ ಕೂಡಲೇ ನಿಲ್ಲಿಸಿದೆ," ಎಂದು ಒಂದು ಸುಳ್ಳು ಹೇಳಿದ. ಈಗಿನ ಇಂಜಿನ್ನಿಗೆ ಒಂದು ಚಿಕ್ಕ ಕಂಪ್ಯೂಟರು ಇರುತ್ತದೆ. ನಡೆದದ್ದನ್ನು ಅದು ಬರೆದಿಟ್ಟಿತ್ತು. ಆ ಒಂದು ಸುಳ್ಳಿನಿಂದ ಅವನು ಹೇಳಿದ ನಿಜಗಳನ್ನೂ ಯಾರೂ ನಂಬದಂತಾಯಿತು.

ಎರಡೂವರೆ ತಿಂಗಳು ಲಾರಿ ನಿಂತಿತು. ಲಾರಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಅತ್ತಿಗೆಯ ಕಿವಿಯ ಓಲೆ ಅಡವಿಗೆ ಹೋಯಿತು.

ಕೊನೆಗೆ ನಮ್ಮನ್ನು ಸ್ವಲ್ಪಮಟ್ಟಿಗೆ ಉಳಿಸಿದ್ದು ಅತ್ತಿಗೆಯ ರಂಗೋಲಿ. ಅಣ್ಣನ ಮಗಳು ಹಬ್ಬದ ದಿನ ಆ ರಂಗೋಲಿಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದಿದ್ದಳು. ಅದರ ಅಂಚಿನಲ್ಲಿ ಲಾರಿಯ ಮೂತಿಯೂ ಕೆಳಗೆ ಹಸಿರು ನೀರೂ ಕಾಣುತ್ತಿದ್ದವು. ಇಂಜಿನ್ ಕೆಡುವುದಕ್ಕೆ ಐದು ದಿನ ಹಿಂದಿನ ತಾರೀಖು ಅದರಲ್ಲಿತ್ತು. ರೇಡಿಯೇಟರಿನ ಕೆಳಗಿನ ರಬ್ಬರು ಕೊಳವೆಯ ಪಟ್ಟಿ ಮೊದಲಿಂದಲೂ ಸಡಿಲವಿತ್ತೆಂದು ಬರೆದು, ಫೋಟೊ ಜೊತೆಗಿಟ್ಟು, ನಿಜವನ್ನೂ ಒಪ್ಪಿಕೊಂಡು ಕಾಗದ ಹಾಕಿದೆವು. ಕೊನೆಗೆ ಬಿಡಿಭಾಗಗಳನ್ನು ಅವರು ಕೊಟ್ಟರು, ಕೂಲಿಯನ್ನು ಅಣ್ಣ ಕೊಟ್ಟ. ಅರ್ಧ ತಪ್ಪು ಅವರದು, ಅರ್ಧ ತಪ್ಪು ನಮ್ಮದು. ಸಿಕ್ಕಿದ್ದೂ ಅರ್ಧ ನ್ಯಾಯ.

ಒಂದು ಕೊಳವೆಯ ಪಟ್ಟಿಯನ್ನು ಬಿಗಿಮಾಡಲು ಐದು ನಿಮಿಷ ಸಾಕಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಂಜಿನ್ನಿಗೂ ಸಲ್ಲುತ್ತದೆ. ಅಂದಿನಿಂದ ನಾನು ಮೇಸ್ತ್ರಿಗಳನ್ನು ಕೇಳಿ, ಲಾರಿಯ ಕೈಪಿಡಿಯನ್ನು ಓದಿ ತಿಳಿದುಕೊಂಡದ್ದರ ಸಾರ ಎರಡೇ ಮಾತು. ಇಂಜಿನ್ ಉಳಿಯುವುದೋ ಸಾಯುವುದೋ ಎಂಬುದು ಕೆಂಪು ದೀಪ ಹತ್ತಿದ ಮೊದಲ ಐದು ನಿಮಿಷಗಳಲ್ಲಿ ತೀರ್ಮಾನವಾಗುತ್ತದೆ. ನಮ್ಮ ಹಣ ಉಳಿಯುವುದೋ ಹೋಗುವುದೋ ಎಂಬುದು ನಾವು ಬರೆಯುವ ಮೊದಲ ಕಾಗದದಲ್ಲಿ ತೀರ್ಮಾನವಾಗುತ್ತದೆ.

ಇಂಜಿನ್ ಹೇಗೆ ಸಾಯುತ್ತದೆ?

ಎತ್ತಿಗೆ ಮೇವು, ನೀರು, ಗಾಳಿ ಬೇಕಾದಂತೆ ಡೀಸೆಲ್ ಇಂಜಿನ್ನಿಗೂ ನಾಲ್ಕು ವಸ್ತು ಬೇಕು: ಶುದ್ಧ ಗಾಳಿ, ಶುದ್ಧ ಡೀಸೆಲ್, ಇಂಜಿನ್ ಆಯಿಲ್, ತಂಪು ನೀರು. ತಂಪು ನೀರೆಂದರೆ ಕೂಲೆಂಟ್. ಇಂಜಿನ್ ಕೆಲಸ ಮಾಡುವಾಗ ಈ ನೀರು ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸ್ ಬಿಸಿ ಇರುವುದು ಸಹಜ. ನೀರು ಸೋರಿಹೋದರೆ ಬಿಸಿಯನ್ನು ಹೊತ್ತೊಯ್ಯಲು ಏನೂ ಇರುವುದಿಲ್ಲ. ಹೆಡ್ಡು ಸೊಟ್ಟಗಾಗುತ್ತದೆ, ಅದರ ಕೆಳಗಿನ ಗ್ಯಾಸ್ಕೆಟ್ ಸುಡುತ್ತದೆ, ಪಿಸ್ಟನ್ ಉಬ್ಬಿ ಸಿಲಿಂಡರಿನ ಗೋಡೆಗೆ ಹಿಡಿದುಕೊಳ್ಳುತ್ತದೆ.

ಇಲ್ಲಿ ಒಂದು ಮೋಸವಿದೆ. ನೀರು ಪೂರ್ತಿ ಬರಿದಾದರೆ, ಬಿಸಿ ಅಳೆಯುವ ಸಾಧನಕ್ಕೆ ನೀರೇ ತಗಲದೆ ಮುಳ್ಳು ಒಮ್ಮೊಮ್ಮೆ ಕೆಳಕ್ಕೆ ಇಳಿಯುವುದುಂಟು. ತಂಪಾಯಿತೆಂದು ತಿಳಿದು ಮುಂದೆ ಓಡಿಸಿದವರು ಕೆಟ್ಟರು. ಮೇಲೆ ಹೋಗಿದ್ದ ಮುಳ್ಳು ಕಾರಣವಿಲ್ಲದೆ ಇಳಿದರೆ ನಂಬಬೇಡಿ.

ಆಯಿಲ್ಲಿನ ಕೆಲಸ ಇನ್ನೂ ಸೂಕ್ಷ್ಮ. ಉಜ್ಜುವ ಲೋಹಗಳ ನಡುವೆ ಅದು ತೆಳುವಾದ ಪೊರೆಯಾಗಿ ನಿಂತಿರುತ್ತದೆ. ಗಾಣದ ಅಚ್ಚಿಗೆ ಎಣ್ಣೆ ಬಿಡದಿದ್ದರೆ ಕಿರುಗುಟ್ಟುತ್ತದೆ, ನಮಗೆ ಸಮಯ ಸಿಗುತ್ತದೆ. ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗುವ ಇಂಜಿನ್ನಿನಲ್ಲಿ ಆಯಿಲ್ ಒತ್ತಡ ಹೋದರೆ ಅಷ್ಟು ಸಮಯವೂ ಸಿಗುವುದಿಲ್ಲ.

ಮೊದಲ ಐದು ನಿಮಿಷ

ದೀಪದ ಬಣ್ಣ ನೋಡಿರಿ. ಹಳದಿ ದೀಪವೆಂದರೆ "ನನ್ನನ್ನು ಬೇಗ ತೋರಿಸು" ಎಂದರ್ಥ. ಗಾಡಿ ಸರಿಯಾಗಿ ಓಡುತ್ತಿದ್ದರೆ ನಿಧಾನವಾಗಿ ಸರ್ವಿಸ್ ಸ್ಟೇಷನ್ನಿಗೆ ಹೋಗಬಹುದು. ಇಂಜಿನ್ನಿನ ಬಿಸಿಯ ಅಥವಾ ಆಯಿಲ್ಲಿನ ಕೆಂಪು ದೀಪವೆಂದರೆ "ಇಲ್ಲೇ ನಿಲ್ಲಿಸು" ಎಂದರ್ಥ. ಆಗ ಮಾಡಬೇಕಾದುದು ಇಷ್ಟು:

1. ಹಿಂದೆಮುಂದೆ ನೋಡಿ ಗಾಡಿಯನ್ನು ರಸ್ತೆಯ ಎಡ ಅಂಚಿಗೆ ತಂದು ಇಂಜಿನ್ ಆರಿಸಿರಿ. ಮಂಡಿ ಕಣ್ಣಿಗೆ ಕಾಣುತ್ತಿದ್ದರೂ ಆರಿಸಿರಿ.

2. ನಾಲ್ಕೂ ಸೂಚಕ ದೀಪ ಹಾಕಿರಿ. ಹಿಂಬದಿಯಲ್ಲಿ ತ್ರಿಕೋನ ಫಲಕ ಇಡಿರಿ. ಗಾಲಿಗೆ ಕಲ್ಲು ಕೊಟ್ಟಿದ್ದರೆ ಹೊರಡುವಾಗ ಆ ಕಲ್ಲನ್ನು ರಸ್ತೆಯಲ್ಲಿ ಬಿಟ್ಟುಹೋಗಬೇಡಿರಿ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನು ಮಾಡಿ ಸಹಾಯ ಕೇಳಬಹುದು. ಪ್ರಾಣಾಪಾಯವಿದ್ದರೆ 112.

3. ಮೊಬೈಲು ತೆಗೆದು ಮೀಟರಿನ ಫಲಕದ ಫೋಟೊ ತೆಗೆಯಿರಿ. ಯಾವ ದೀಪ, ಎಷ್ಟು ಕಿಲೋಮೀಟರು ಓಡಿದೆ, ಎಷ್ಟು ಗಂಟೆ ಎಂಬುದು ಅದರಲ್ಲಿ ಬರಲಿ. ಗಾಡಿಯ ಕೆಳಗೆ ಏನಾದರೂ ಸುರಿಯುತ್ತಿದ್ದರೆ ಅದರ ಫೋಟೊ ಕೂಡ ಇರಲಿ.

4. ಇಂಜಿನ್ ಆರಿಸಿ ಸ್ವಲ್ಪ ಹೊತ್ತಾದ ಮೇಲೆ, ಗಾಡಿ ಸಮತಟ್ಟಿನಲ್ಲಿದ್ದರೆ, ಆಯಿಲ್ ಕಡ್ಡಿ ಎಳೆದು ನೋಡಿರಿ. ಎರಡು ಗುರುತುಗಳ ನಡುವೆ ಆಯಿಲ್ ಇರಬೇಕು. ಹಾಲು ಕಲಸಿದ ಚಹದಂತೆ ಬೆಳ್ಳಗೆ ಕಂಡರೆ ಆಯಿಲ್ಲಿಗೆ ನೀರು ಸೇರಿದೆ. ಆಮೇಲೆ ಕೀಲಿಕೈ ಮುಟ್ಟಬೇಡಿರಿ.

5. ಮಾರಿದ ಸಂಸ್ಥೆಯ ಸಹಾಯದ ನಂಬರಿಗೆ ಫೋನು ಮಾಡಿರಿ. ಯಾರು ಮಾತನಾಡಿದರು, ಎಷ್ಟು ಗಂಟೆಗೆ, ಕೊಟ್ಟ ದೂರಿನ ನಂಬರು ಏನು, ಎಂಬುದನ್ನು ಬರೆದುಕೊಳ್ಳಿರಿ.

ಮಾಡಬಾರದುದು ಇಷ್ಟು. ಕಾದ ರೇಡಿಯೇಟರಿನ ಮುಚ್ಚಳ ತೆರೆಯಬಾರದು. ಒಳಗಿನ ಕುದಿನೀರು ಒತ್ತಡದಿಂದ ಚಿಮ್ಮಿ ಮುಖ, ಕಣ್ಣು ಬೇಯಿಸಿಬಿಡುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿಯಬಾರದು. ಒಲೆಯ ಮೇಲೆ ಕೆಂಪಗೆ ಕಾದ ಮಣ್ಣಿನ ಮಡಕೆಗೆ ತಣ್ಣೀರು ಹಾಕಿದಂತೆ ಹೆಡ್ಡು ಬಿರಿಯುತ್ತದೆ. ನಿಂತ ಇಂಜಿನ್ನನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಬಾರದು. ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಗೇರಿಗೆ ಹಾಕಿ ಎಳೆಸಬಾರದು. ವಾರಂಟಿ ಇರುವಾಗ ದಾರಿಬದಿಯಲ್ಲಿ ಇಂಜಿನ್ ಬಿಚ್ಚಿಸಬಾರದು. ನಮ್ಮೂರ ಮೆಕ್ಯಾನಿಕ್ ಕೆಲಸ ಬಲ್ಲವನೇ ಇರಬಹುದು. ಆದರೆ ಅವನು ಬಿಚ್ಚಿದ ಮೇಲೆ ಯಾವ ತಪ್ಪು ಯಾರದೆಂದು ಹೇಳುವ ಗುರುತು ಅಳಿಸಿಹೋಗುತ್ತದೆ.

ನಿಂತದ್ದೆಲ್ಲ ಕೆಟ್ಟದ್ದಲ್ಲ

ಗಾಡಿ ಸ್ಟಾರ್ಟ್ ಆಗದಿದ್ದ ಮಾತ್ರಕ್ಕೆ ಇಂಜಿನ್ ಹೋಯಿತೆಂದು ಎದೆ ಒಡೆದುಕೊಳ್ಳಬೇಡಿರಿ. ಬ್ಯಾಟರಿಯ ತುದಿ ಸಡಿಲವಾಗಿರಬಹುದು. ಆಗ ಕೀಲಿಕೈ ತಿರುಗಿಸಿದರೆ ಟಕ್ ಎಂದಷ್ಟೇ ಸದ್ದು ಬರುತ್ತದೆ, ದೀಪ ಮಂಕಾಗುತ್ತದೆ. ಫ್ಯೂಸ್ ಸುಟ್ಟಿರಬಹುದು. ಟ್ಯಾಂಕು ಬರಿದಾಗಿ ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿರಬಹುದು. ಇವು ಸಣ್ಣ ಕೆಲಸಗಳು. ಆದರೆ ಓಡುತ್ತಿದ್ದಾಗ ಬಡಿಯುವ ಸದ್ದು ಬಂದು ನಿಂತದ್ದು, ಬೆಳ್ಳನೆಯ ದಟ್ಟ ಹೊಗೆ ಬಂದು ನಿಂತದ್ದು, ಕೆಂಪು ದೀಪದ ನಂತರ ನಿಂತದ್ದು, ನೀರಿನಲ್ಲಿ ನಿಂತದ್ದು, ಈ ನಾಲ್ಕು ಸಂದರ್ಭಗಳಲ್ಲಿ ಕೈ ಹಾಕದೆ ಬಿಡುವುದೇ ವಿವೇಕ.

ನಮ್ಮ ಕೈಯಾರೆ ಆಗುವ ಕೇಡು

ಈಗ ನಮ್ಮ ತಪ್ಪುಗಳ ಮಾತು. ಹೊಸ ಇಂಜಿನ್ನನ್ನು ನಾವೇ ಕೊಲ್ಲುವ ದಾರಿಗಳಲ್ಲಿ ನಾಲ್ಕನ್ನು ಹೇಳುತ್ತೇನೆ.

ಮೊದಲನೆಯದು ಯೂರಿಯಾ. ಇದು ನನ್ನ ಇಲಾಖೆಯ ವಿಷಯವಾದ್ದರಿಂದ ಬಿಡಿಸಿ ಹೇಳುತ್ತೇನೆ. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿ.ಎಸ್. 6 ಎಂಬ ಹೊಗೆಯ ಕಟ್ಟುಪಾಡು ಜಾರಿಗೆ ಬಂದಿತು. ಅದರಂತೆ ಕೆಲವು ಡೀಸೆಲ್ ಲಾರಿಗಳಲ್ಲಿ ಡಿ.ಇ.ಎಫ್. ಎಂಬ ದ್ರವ ಹಾಕುವ ಬೇರೆ ಟ್ಯಾಂಕು ಇದೆ. ಅದರಲ್ಲಿರುವುದು 32.5 ಭಾಗ ಅತಿ ಶುದ್ಧವಾದ ಯೂರಿಯಾ. ಉಳಿದದ್ದು ಲವಣ ತೆಗೆದ ನೀರು. "ಯೂರಿಯಾ ತಾನೆ, ಮನೆಯಲ್ಲೇ ಚೀಲ ಇದೆ, ಕಲಸಿ ಹಾಕಿದರಾಯಿತು" ಎಂದು ಒಬ್ಬರು ನನ್ನನ್ನು ಕೇಳಿದರು. ಖಂಡಿತ ಹಾಕಬೇಡಿರಿ. 2015ರಿಂದ ನಮ್ಮ ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪ ಕಡ್ಡಾಯವಾಗಿದೆ. ಆ ಎಣ್ಣೆಯೂ ಬಾವಿನೀರಿನ ಸುಣ್ಣವೂ ಸೇರಿ ಹೊಗೆ ಶುದ್ಧಮಾಡುವ ಭಾಗವನ್ನು ಕಟ್ಟಿಹಾಕುತ್ತವೆ. ಅದನ್ನು ಬದಲಿಸುವುದು ಬಲು ದುಬಾರಿ. ಮೇಲಾಗಿ ಗೊಬ್ಬರವನ್ನು ಮಣ್ಣಿಗೆ ಹಾಕುವುದು ಬಿಟ್ಟು ಬೇರೆ ಕೆಲಸಕ್ಕೆ ಬಳಸುವುದು 1985ರ ರಸಗೊಬ್ಬರ ನಿಯಂತ್ರಣ ಆಜ್ಞೆಯಂತೆ ಅಪರಾಧ. ಹಾಗೆಯೇ ಆ ದ್ರವವನ್ನು ಮರೆತು ಡೀಸೆಲ್ ಟ್ಯಾಂಕಿಗೆ ಸುರಿದರೆ ಗಾಡಿ ಸ್ಟಾರ್ಟ್ ಮಾಡಲೇಬೇಡಿರಿ. ಕೀಲಿಕೈ ತಿರುಗಿಸದಿದ್ದರೆ ಟ್ಯಾಂಕು ತೊಳೆಸಿ ಪಾರಾಗಬಹುದು.

ಎರಡನೆಯದು ಕ್ಯಾನಿನ ಡೀಸೆಲ್. ಈಗಿನ ಇಂಜಿನ್ನಿನಲ್ಲಿ ಡೀಸೆಲ್ಲನ್ನು ಚಿಮುಕಿಸುವ ಒತ್ತಡ ಸಾವಿರ ಬಾರಿಗೂ ಮೀರಿದ್ದು, ಅಂದರೆ ಟಯರಿನ ಗಾಳಿಯ ಒತ್ತಡಕ್ಕಿಂತ ನೂರಾರು ಪಟ್ಟು ಹೆಚ್ಚು. ಅಷ್ಟು ಸೂಕ್ಷ್ಮವಾದ ರಂಧ್ರಕ್ಕೆ ಒಂದು ಹನಿ ನೀರು, ಒಂದು ಕಣ ತುಕ್ಕು ಸಾಕು. ಮಳೆಗಾಲದಲ್ಲಿ ಅರ್ಧ ತುಂಬಿದ ಕ್ಯಾನಿನ ಒಳಮೈ ಬೆವರುತ್ತದೆ. ಪಂಪ್‌ಸೆಟ್ಟಿಗೆ ಇಟ್ಟ ಹಳೆಯ ಡೀಸೆಲ್ಲನ್ನು ಲಾರಿಗೆ ಸುರಿಯಬೇಡಿರಿ. ಸೀಮೆಎಣ್ಣೆ ಬೆರೆಸುವುದಂತೂ ಇಂಜಿನ್ನಿಗೆ ವಿಷ. ಬಂಕಿನಲ್ಲಿ ಸಾಂದ್ರತೆ ತೋರಿಸಿರೆಂದು, 5 ಲೀಟರ್ ಅಳತೆ ಹಿಡಿದು ತೋರಿಸಿರೆಂದು ಕೇಳುವ ಹಕ್ಕು ನಿಮಗಿದೆ. ರಸೀತಿ ಇಟ್ಟುಕೊಳ್ಳಿರಿ.

ಮೂರನೆಯದು ಹಳ್ಳದ ನೀರು. ಗಾಳಿ ಎಳೆಯುವ ಬಾಯಿಯಿಂದ ನೀರು ಸಿಲಿಂಡರಿಗೆ ಹೋದರೆ, ಗಾಳಿಯಂತೆ ನೀರು ಕುಗ್ಗುವುದಿಲ್ಲವಾದ್ದರಿಂದ ಪಿಸ್ಟನ್ನಿನ ತೋಳು ಬಾಗುತ್ತದೆ. ನೀರಿನಲ್ಲಿ ಆರಿಹೋದ ಗಾಡಿಯನ್ನು ಅಲ್ಲೇ ಸ್ಟಾರ್ಟ್ ಮಾಡದೆ ಗೇರು ತೆಗೆದು ಹೊರಗೆಳೆಯಿರಿ. ಸಾಮಾನ್ಯ ವಿಮೆಯಲ್ಲಿ ಯಂತ್ರ ತಾನಾಗಿ ಕೆಟ್ಟದ್ದಕ್ಕೆ ಪರಿಹಾರವಿಲ್ಲ ಎಂಬುದನ್ನೂ ನೆನಪಿಡಿರಿ. ಇಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಉಂಟೇ ಎಂದು ಕೊಳ್ಳುವಾಗಲೇ ಕೇಳಬೇಕು.

ನಾಲ್ಕನೆಯದು ಧೂಳು ಮತ್ತು ಆತುರ. ನಮ್ಮ ಹೊಲದ ದಾರಿಯ ಧೂಳು ಗಾಳಿ ಸೋಸುವ ಫಿಲ್ಟರನ್ನು ಬೇಗ ಕಟ್ಟುತ್ತದೆ. ಮೊದಲ ಸರ್ವಿಸನ್ನು "ಬೆಳೆ ಮುಗಿಯಲಿ" ಎಂದು ಮುಂದಕ್ಕೆ ಹಾಕುವವರಿದ್ದಾರೆ. ಕೈಪಿಡಿಯಲ್ಲಿ ಹೇಳಿದ ದಿನ ಅಥವಾ ಕಿಲೋಮೀಟರು, ಯಾವುದು ಮೊದಲು ಬರುವುದೋ ಆಗ ಮಾಡಿಸದಿದ್ದರೆ ವಾರಂಟಿ ಕೇಳಲು ಬಾಯಿ ಇರುವುದಿಲ್ಲ. ದೂರ ಓಡಿಸಿ ಬಂದಾಗ ಇಂಜಿನ್ನನ್ನು ತಟಕ್ಕನೆ ಆರಿಸದೆ ಒಂದು ನಿಮಿಷ ಸುಮ್ಮನೆ ಓಡಲು ಬಿಟ್ಟು ಆರಿಸಿರಿ, ಟರ್ಬೊ ಬಾಳುತ್ತದೆ. ಈ ಮಾತು ಕೆಂಪು ದೀಪ ಹತ್ತಿದಾಗ ಸಲ್ಲದು, ಆಗ ಕೂಡಲೇ ಆರಿಸಬೇಕು.

ಮೊದಲ ಕಾಗದ

ಬಾಯಿಮಾತು ಗಾಳಿಯಲ್ಲಿ ಹೋಗುತ್ತದೆ. ಗಾಡಿ ಸರ್ವಿಸ್ ಸ್ಟೇಷನ್ನಿಗೆ ಮುಟ್ಟಿದ ದಿನವೇ ಒಂದು ಕಾಗದ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಅರ್ಧ ಪುಟ ಸಾಕು. ಅದರಲ್ಲಿ ಕೊಂಡ ತಾರೀಖು, ಗಾಡಿಯ ನಂಬರು, ಚಾಸಿ ನಂಬರು, ಇಂಜಿನ್ ನಂಬರು, ಓಡಿದ ಕಿಲೋಮೀಟರು, ಇದ್ದ ಹೊರೆ, ಕೆಟ್ಟ ಜಾಗ ಮತ್ತು ಹೊತ್ತು, ಕಂಡ ದೀಪ, ಕೇಳಿದ ಸದ್ದು, ನೀವು ಮಾಡಿದ್ದು, ಇಷ್ಟೂ ಇರಲಿ. ತಪ್ಪು ಮಾಡಿದ್ದರೆ ಅದನ್ನೂ ಬರೆಯಿರಿ. ಕೊನೆಯಲ್ಲಿ ಮೂರು ಬೇಡಿಕೆ ಹಾಕಿರಿ: ಇಂಜಿನ್ ಬಿಚ್ಚುವಾಗ ನಾನು ಹಾಜರಿರಬೇಕು; ತೆಗೆದ ಭಾಗಗಳನ್ನು ಎಸೆಯದೆ ಇಡಬೇಕು; ಕೆಟ್ಟ ಕಾರಣವನ್ನೂ ಕಂಪ್ಯೂಟರು ತೋರಿಸಿದ್ದನ್ನೂ ಬರವಣಿಗೆಯಲ್ಲಿ ಕೊಡಬೇಕು.

ಒಂದು ಪ್ರತಿಗೆ ಅವರ ಮೊಹರು ಹಾಕಿಸಿಕೊಳ್ಳಿರಿ. ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಮಾರಿದವರಿಗೂ ತಯಾರಿಸಿದ ಕಂಪನಿಗೂ ಕಳಿಸಿ ರಸೀತಿ ಇಟ್ಟುಕೊಳ್ಳಿರಿ. ಜಾಬ್ ಕಾರ್ಡಿನಲ್ಲಿ ನಿಮ್ಮ ದೂರನ್ನು ನಿಮ್ಮ ಮಾತಿನಲ್ಲೇ ಬರೆಸಿರಿ. ಓದದೆ, ಓದಿಸದೆ ಸಹಿ ಹಾಕಬೇಡಿರಿ. ಸಾಲ ಕೊಟ್ಟ ಬ್ಯಾಂಕಿಗೂ ಅಥವಾ ಸಂಘಕ್ಕೂ ಅದೇ ದಿನ ಒಂದು ಕಾಗದ ಹಾಕಿರಿ. ಕಂತು ತಪ್ಪಿದ ಮೇಲೆ ಹೇಳುವುದಕ್ಕಿಂತ ತಪ್ಪುವ ಮೊದಲೇ ಹೇಳುವುದು ಮಾನ.

ಅವರು ಕೇಳದಿದ್ದರೆ ಏನು ಗತಿ? ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿ ದೂರು ಕೊಡಿರಿ. ಅದಕ್ಕೂ ಮಣಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿಯೇ ದೂರು ಸಲ್ಲುತ್ತದೆ. ಲಾರಿ ಬೇರೆ ಊರಿನಲ್ಲಿ ಕೊಂಡಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ; 10 ಲಕ್ಷದವರೆಗೆ 200 ರೂಪಾಯಿ; 20 ಲಕ್ಷದವರೆಗೆ 400 ರೂಪಾಯಿ. ವಕೀಲರು ಇರಲೇಬೇಕೆಂದಿಲ್ಲ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು.

"ಲಾರಿ ವ್ಯಾಪಾರದ ವಸ್ತು, ನೀವು ಗ್ರಾಹಕರೇ ಅಲ್ಲ," ಎಂದು ಅವರು ವಾದಿಸಬಹುದು. ಅದಕ್ಕೆ ಉತ್ತರವಿದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ವಸ್ತುವಿಗೆ ಆ ಮಾತು ಸಲ್ಲದೆಂದು ಕಾಯಿದೆಯಲ್ಲೇ ಇದೆ. ತಾನೇ ಓಡಿಸಲು ಲಾರಿ ಕೊಂಡವನು ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 1995ರ ತೀರ್ಪೊಂದರಲ್ಲಿ ಹೇಳಿದೆ. ಆದರೆ ಹತ್ತು ಲಾರಿ ಇಟ್ಟು ಬಾಡಿಗೆ ನಡೆಸುವವರಿಗೆ ಈ ಆಸರೆ ಸಿಗುವುದು ಕಷ್ಟ.

ಆಸೆಯನ್ನೂ ಅಳತೆಯಲ್ಲಿಡಿ. ಇಂಜಿನ್ ಕೆಟ್ಟಿತೆಂದು ಹೊಸ ಲಾರಿಯನ್ನೇ ಕೊಡಿಸಿರೆಂದು ಕೇಳುವವರಿದ್ದಾರೆ. ವಾರಂಟಿಯೆಂದರೆ ಸಾಮಾನ್ಯವಾಗಿ ಕೆಟ್ಟ ಭಾಗವನ್ನು ಸರಿಮಾಡಿ ಅಥವಾ ಬದಲಿಸಿ ಕೊಡುವ ಒಪ್ಪಂದ. ತಯಾರಿಕೆಯ ದೋಷವೆಂದು ತೋರಿಸಲು ಪರಿಣತರ ಪರೀಕ್ಷೆ ಬೇಕಾಗುತ್ತದೆ. ಆದ್ದರಿಂದಲೇ ತೆಗೆದ ಭಾಗಗಳನ್ನು ಎಸೆಯಬಾರದೆಂದು ನಾನು ಒತ್ತಿ ಹೇಳಿದ್ದು.

ದಿನಾ ಎರಡು ನಿಮಿಷ

ಹಸುವಿನ ಕೆಚ್ಚಲನ್ನು ದಿನವೂ ಮುಟ್ಟಿ ನೋಡುವ ನಾವು ಲಾರಿಯನ್ನೂ ಮುಟ್ಟಿ ನೋಡಬೇಕು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಆಯಿಲ್ ಕಡ್ಡಿ ನೋಡಿರಿ. ಕೂಲೆಂಟ್ ಡಬ್ಬಿಯ ಗುರುತು ನೋಡಿರಿ. ಗಾಡಿ ನಿಂತಿದ್ದ ನೆಲ ನೋಡಿರಿ. ಹಸಿರು, ಕೆಂಪು ಅಥವಾ ನೀಲಿ ಬಣ್ಣದ ನೀರು ಕೂಲೆಂಟ್ ಇರಬಹುದು. ಕಪ್ಪು ಜಿಡ್ಡು ಆಯಿಲ್. ಕೂಲೆಂಟು ಬಾಯಿಗೆ ಸಿಹಿ, ಹೊಟ್ಟೆಗೆ ವಿಷ. ನಾಯಿ, ಕರು, ಮಕ್ಕಳು ಅದನ್ನು ಮುಟ್ಟದಂತೆ ಕೂಡಲೇ ಮಣ್ಣು ಹಾಕಿ ಬಳಿದು, ದೂರ ಗುಂಡಿ ತೆಗೆದು ಹೂಳಿರಿ. ಸೋರಿಕೆ ಕಂಡ ದಿನವೇ ಫೋಟೊ ತೆಗೆದು ಸರ್ವಿಸ್ ಸ್ಟೇಷನ್ನಿಗೆ ತೋರಿಸಿರಿ. ಮನೆಯ ಹೆಂಗಸರು ಕಂಡು ಹೇಳಿದರೆ ಕಿವಿಗೊಡಿರಿ. ನಮ್ಮ ಮನೆಯಲ್ಲಿ ಮೊದಲು ಕಂಡವಳು ಅತ್ತಿಗೆ, ಕೊನೆಗೆ ಓಲೆ ಕಳಚಿಕೊಟ್ಟವಳೂ ಅತ್ತಿಗೆ.

ಒಂದು ಪ್ರಶ್ನೆ, ಒಂದು ಸಲಹೆ

ಹಿಂದಿನ ವಾರ ಈ ಮಾತನ್ನು ಇನ್ನೊಂದು ಊರಿನಲ್ಲಿ ಹೇಳಿದಾಗ ಹಿರಿಯರೊಬ್ಬರು ಎದ್ದು ಕೇಳಿದರು: "ಹಣ್ಣು ಕೊಳೆಯುತ್ತಿರುವಾಗ ಗಾಡಿ ನಿಲ್ಲಿಸು ಅಂತೀಯಲ್ಲಪ್ಪ, ಹಣ್ಣಿಗೆ ಯಾರು ಹೊಣೆ?" ನ್ಯಾಯವಾದ ಪ್ರಶ್ನೆ. ನಾನು ಅಣ್ಣನ ಲೆಕ್ಕವನ್ನೇ ಅವರ ಮುಂದಿಟ್ಟೆ. ಅಂದಿನ 90 ಬಾಕ್ಸು ಹಣ್ಣು ಪೂರ್ತಿ ಹಾಳಾಗಿದ್ದರೂ ಹೋಗುತ್ತಿದ್ದುದು ಸುಮಾರು 27 ಸಾವಿರ ರೂಪಾಯಿ. ಬೇರೆ ಟೆಂಪೊ ಕರೆಸಿದ್ದರೆ ಮೂರು ಸಾವಿರ ಬಾಡಿಗೆಯಲ್ಲಿ ಅದೂ ಉಳಿಯುತ್ತಿತ್ತು. ಇಂಜಿನ್ನಿನ ಕೂಲಿ, ಎರಡೂವರೆ ತಿಂಗಳ ಕಂತು, ಬಾಡಿಗೆ ಗಾಡಿಯ ಖರ್ಚು ಸೇರಿ ಅಣ್ಣನಿಗೆ ಆದ ನಷ್ಟ ಒಂದು ಲಕ್ಷ ಮೀರಿತು. ಹೊರೆಯನ್ನು ಇನ್ನೊಂದು ಗಾಡಿ ಹೊರುತ್ತದೆ. ಸುಟ್ಟ ಇಂಜಿನ್ನನ್ನು ಯಾರು ಹೊರುತ್ತಾರೆ?

ಆದರೆ ನಸುಕಿನಲ್ಲಿ ಇನ್ನೊಂದು ಗಾಡಿ ಸಿಗಬೇಕಲ್ಲ? ಅದಕ್ಕೆ ನನ್ನ ಸಲಹೆ ಇದು. ನಮ್ಮ ಬ್ಲಾಕಿನಲ್ಲಿ ಲಾರಿ, ಟೆಂಪೊ, ಟ್ರ್ಯಾಕ್ಟರ್ ಇರುವವರೆಲ್ಲರ ಫೋನ್ ನಂಬರುಗಳ ಒಂದು ಪಟ್ಟಿಯನ್ನು ಯುವಕ ಸಂಘದವರು ಬರೆದು ಹಾಲಿನ ಡೈರಿಯ ಗೋಡೆಗೂ ಪಂಚಾಯಿತಿ ಕಛೇರಿಗೂ ಅಂಟಿಸಲಿ. ಮಾರುಕಟ್ಟೆಯ ದಾರಿಯಲ್ಲಿ ನಮ್ಮವರ ಗಾಡಿ ನಿಂತಿದ್ದರೆ, ಆ ದಾರಿ ಹಿಡಿದ ಗಾಡಿ ತನ್ನಲ್ಲಿ ಜಾಗವಿದ್ದಷ್ಟು ಮಾಲು ಹೇರಿಕೊಳ್ಳಲಿ. ಡೀಸೆಲ್ ಖರ್ಚನ್ನು ಮಾಲಿನವರು ಕೊಡಲಿ. ಮುಯ್ಯಾಳು ಪದ್ಧತಿಯಲ್ಲಿ ನಾಟಿ ಮಾಡಿ ಬೆಳೆದ ಊರುಗಳು ನಮ್ಮವು. ಮುಯ್ಯಿಗೆ ಗಾಡಿ ಹೂಡುವುದು ನಮಗೆ ಹೊಸದೇನಲ್ಲ. ಇಂದಿನ ಸಭೆ ಮುಗಿಯುವ ಮೊದಲು ಹತ್ತು ನಂಬರಾದರೂ ಈ ಪುಸ್ತಕದಲ್ಲಿ ಬರೆಸಿರಿ. ಮೊದಲನೆಯದು ನನ್ನ ಅಣ್ಣನದು. ಅವನೇ ಹೇಳಿ ಕಳಿಸಿದ್ದಾನೆ.

ಆ ದಿನ ನಸುಕಿನಲ್ಲಿ ಅಣ್ಣ ಕೇಳಿದ ಪ್ರಶ್ನೆಯನ್ನು ನಾಳೆ ನಿಮ್ಮಲ್ಲಿ ಯಾರಾದರೂ ನನಗೆ ಫೋನು ಮಾಡಿ ಕೇಳಬಹುದು. ಈ ಸಲ ನನ್ನ ಉತ್ತರ ಒಂದೇ: ಆರಿಸಿರಿ, ಇಳಿಯಿರಿ, ಬರೆದಿಡಿರಿ. ಹಣ್ಣಿಗೆ ಗಾಡಿ ನಾವೆಲ್ಲ ಸೇರಿ ಹುಡುಕೋಣ.